ಕರುಳು ಗಟಾರ ಅಲ್ಲ, ಸ್ವಾಮಿ!

ಇವತ್ತಿನ ವಿಷಯ ಸ್ವಲ್ಪ ಮುಜುಗರದ್ದು. ಊಟಕ್ಕೆ ಕೂತವರು ಕ್ಷಮಿಸಿ. ಆದ್ರೆ ಮಾತಾಡಲೇಬೇಕು, ಯಾಕಂದ್ರೆ ಇದು ನಮ್ಮ ನಿಮ್ಮ ಹೊಟ್ಟೆಯ ಪ್ರಶ್ನೆ.

ಗಜೇಂದ್ರಗಡ ತಾಲೂಕಿನ ರಾಜೂರಲ್ಲಿ ಕೂತವರಿಗೂ, ಬೆಂಗಳೂರಿನ ಜಯನಗರದಲ್ಲಿ ಕೂತವರಿಗೂ ಮೊಬೈಲ್ ತೋರಿಸೋದು ಒಂದೇ ಥರದ ಜಾಹೀರಾತು. ಮೂರು ದಿನ ಈ ಪುಡಿ ಕುಡೀರಿ, ಅಥವಾ ಏಳು ದಿನ ಈ ಜ್ಯೂಸ್ ಕುಡೀರಿ. ವರ್ಷಗಟ್ಟಲೆ ಕರುಳಿಗೆ ಅಂಟಿದ ಕೊಳೆ ಹೊರಗೆ ಬರುತ್ತೆ, ಮೊಡವೆ ಮಾಯ, ಗ್ಯಾಸ್ ಮಾಯ, ಮುಖದಲ್ಲಿ ಕಳೆ! ರಾಜೂರ ಕಡೆಯ ಮಾತಲ್ಲಿ ಹೇಳೋದಾದ್ರೆ, ‘ಹೊಟ್ಟಿ ಸ್ವಚ್ಛ ಆದ್ರ ಮಾರಿ ಸ್ವಚ್ಛ.’ ಕೇಳೋಕೆ ಎಷ್ಟು ಸರಿ ಅನ್ಸುತ್ತೆ ಅಲ್ವಾ? ನಿಜಾನಾ? ನೋಡೋಣ.

ಮೊದಲ ಪ್ರಶ್ನೆ. ಕರುಳಲ್ಲಿ ವರ್ಷಗಟ್ಟಲೆ ಕೊಳೆ ಅಂಟಿಕೊಂಡಿರುತ್ತಾ? ಇಲ್ಲ. ಕೊಲೊನೊಸ್ಕೋಪಿ ಮಾಡುವ ವೈದ್ಯರು ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ದಿನಾ ನೋಡ್ತಾರೆ. ಹಳೇ ಕೊಳೆಯ ಪದರ ಅವರಿಗೆ ಕಾಣೋದಿಲ್ಲ. ಕಾಣೋದಕ್ಕೆ ಸಾಧ್ಯವೂ ಇಲ್ಲ. ಕರುಳಿನ ಒಳಪದರದ ಜೀವಕೋಶಗಳು ಕೆಲವೇ ದಿನಗಳಲ್ಲಿ ಉದುರಿ ಹೊಸದು ಬರುತ್ತವೆ. ವಾರಕ್ಕೊಮ್ಮೆ ಗೋಡೆಯೇ ಬದಲಾಗುವ ಮನೆಯಲ್ಲಿ ಹತ್ತು ವರ್ಷದ ಜೇಡರ ಬಲೆ ಎಲ್ಲಿಂದ ಬರಬೇಕು?

ಹಾಗಾದ್ರೆ ಪುಡಿ ಕುಡಿದವರು ಫೋಟೋ ಹಾಕ್ತಾರಲ್ಲ, ರಬ್ಬರ್ ಹಗ್ಗದ ಹಾಗೆ ಹೊರಗೆ ಬಂದಿದ್ದು, ಅದೇನು? ಅಂಥ ಎಷ್ಟೋ ಪುಡಿಗಳಲ್ಲಿ ಇಸಬಗೋಲ್ ಇರುತ್ತೆ, ಕೆಲವದರಲ್ಲಿ ಬೆಂಟೊನೈಟ್ ಅನ್ನೋ ಜೇಡಿಮಣ್ಣೂ ಇರುತ್ತೆ. ಮನೆಯಲ್ಲೇ ಒಂದು ಲೋಟ ನೀರಿಗೆ ಎರಡು ಚಮಚ ಇಸಬಗೋಲ್ ಹಾಕಿ ಹತ್ತು ನಿಮಿಷ ಬಿಡಿ. ಉಬ್ಬಿ ಲೋಳೆ ಆಗುತ್ತೆ. ಕರುಳಲ್ಲಿ ಆಗೋದೂ ಅದೇ. ಅಂದ್ರೆ ಹೊರಗೆ ಬಂದಿದ್ದು ಹಳೇ ಕೊಳೆಯಲ್ಲ, ನೀವು ದುಡ್ಡು ಕೊಟ್ಟು ತಂದು ಕುಡಿದ ಪುಡಿ!

ನಾನು ಓದಿದ್ದು ಇಂಜಿನಿಯರಿಂಗ್. ಹಾಗಾಗಿ ಇದನ್ನ ನನ್ನ ಭಾಷೆಯಲ್ಲಿ ಹೇಳ್ತೀನಿ. ಜಾಹೀರಾತಿನವರು ದೊಡ್ಡ ಕರುಳನ್ನ ಗಟಾರ ಅಂದ್ಕೊಂಡಿದ್ದಾರೆ. ಅದು ಗಟಾರ ಅಲ್ಲ, ನೀರು ಉಳಿಸುವ ಘಟಕ. ಸುಮಾರು ಒಂದೂವರೆ ಮೀಟರ್ ಉದ್ದ. ದಿನಕ್ಕೆ ಸುಮಾರು ಒಂದೂವರೆ ಲೀಟರ್ ದ್ರವ ಅದರೊಳಗೆ ಬರುತ್ತೆ, ಹೆಚ್ಚುಕಡಿಮೆ ಪೂರ್ತಿ ನೀರನ್ನ ಹೀರಿ ವಾಪಸ್ ರಕ್ತಕ್ಕೆ ಕೊಡುತ್ತೆ. ಜೊತೆಗೆ ಸೋಡಿಯಂನಂಥ ಲವಣಗಳನ್ನೂ ಹೀರುತ್ತೆ. ಅಲ್ಲಿರುವ ಕೋಟ್ಯಂತರ ಬ್ಯಾಕ್ಟೀರಿಯಾಗಳು ನಾವು ತಿಂದ ನಾರನ್ನ ತಿಂದು ಬ್ಯುಟಿರೇಟ್ ಅನ್ನೋ ಆಮ್ಲ ಮಾಡುತ್ತವೆ. ಕರುಳಿನ ಕೋಶಗಳಿಗೆ ಅದೇ ಊಟ. ಈ ಘಟಕಕ್ಕೆ ಮೂರು ದಿನ ಬಲವಂತದ ಭೇದಿ ಮಾಡಿಸಿದ್ರೆ ಅದು ಕ್ಲೀನ್ ಆಗೋದಿಲ್ಲ, ಕೆಲಸ ನಿಲ್ಲಿಸುತ್ತೆ.

ಈಗ ಆ ಮೂರು ದಿನದ ಲೆಕ್ಕ ನೋಡಿ. ಮೊದಲ ದಿನ ಹೊಟ್ಟೆ ಖಾಲಿ, ಮೈ ಹಗುರ. ಖುಷಿ. ಎರಡನೇ ದಿನ ತೂಕ ಇಳಿದಿರುತ್ತೆ. ಇನ್ನೂ ಖುಷಿ. ಆದ್ರೆ ಇಳಿದದ್ದರಲ್ಲಿ ಬಹುಪಾಲು ನೀರು ಮತ್ತು ಮಲ, ಕೊಬ್ಬಲ್ಲ. ಮೂರನೇ ದಿನ ತಲೆಸುತ್ತು, ಕಾಲು ಸೆಳೆತ. ಜಾಹೀರಾತಿನವರು ಇದನ್ನ ‘ವಿಷ ಹೊರಗೆ ಹೋಗ್ತಿದೆ’ ಅಂತಾರೆ. ಹೋಗ್ತಿರೋದು ಸೋಡಿಯಂ, ಪೊಟ್ಯಾಸಿಯಂ. ಪೊಟ್ಯಾಸಿಯಂ ತೀರಾ ಇಳಿದ್ರೆ ಹೃದಯದ ಬಡಿತವೇ ಏರುಪೇರಾಗುತ್ತೆ.

ಮತ್ತೆ ಮುಖಕ್ಕೆ ಕಳೆ ಬಂತಲ್ಲ ಅಂತೀರಾ? ಆ ಮೂರು ದಿನ ನೀವು ಮಿರ್ಚಿ ತಿಂದಿಲ್ಲ, ಐದು ಕಪ್ ಸಕ್ಕರೆ ಚಹಾ ಕುಡಿದಿಲ್ಲ, ಬೇಗ ಮಲಗಿದ್ದೀರಿ. ಅದರ ಲಾಭ ಪುಡಿಯ ಖಾತೆಗೆ ಜಮಾ ಆಯ್ತು. ಮೊಡವೆ ಹುಟ್ಟೋದು ಚರ್ಮದ ಎಣ್ಣೆ ಗ್ರಂಥಿಯಲ್ಲಿ. ಹಾರ್ಮೋನು, ಮುಚ್ಚಿದ ರಂಧ್ರ, ಅಲ್ಲಿನ ಬ್ಯಾಕ್ಟೀರಿಯಾ ಅದಕ್ಕೆ ಕಾರಣ. ಸಿಹಿ ಜಾಸ್ತಿ ತಿಂದ್ರೆ ಕೆಲವರಿಗೆ ಹೆಚ್ಚಾಗಬಹುದು. ಆದ್ರೆ ಕರುಳು ತೊಳೆದ್ರೆ ಮೊಡವೆ ಹೋಗುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಭೇದಿಯಿಂದ ಮೈಯ ನೀರು ಕಡಿಮೆಯಾದ್ರೆ ಚರ್ಮ ಇನ್ನೂ ಒಣಗುತ್ತೆ.

ಈ ‘ವಿಷ’ದ ಕಥೆ ಹೊಸದಲ್ಲ. ನೂರು ವರ್ಷದ ಹಿಂದೆ ಯುರೋಪು, ಅಮೆರಿಕದಲ್ಲಿ ದೊಡ್ಡ ವೈದ್ಯರೇ ಇದನ್ನ ನಂಬಿದ್ರು. ಲಂಡನ್ನಿನ ಸರ್ಜನ್ ಆರ್ಬತ್‌ನಾಟ್ ಲೇನ್ ಮಲಬದ್ಧತೆ ಇದ್ದವರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೀತಿದ್ದ! 1919ರಲ್ಲಿ ವಾಲ್ಟರ್ ಆಲ್ವಾರೆಜ್ ಅನ್ನೋ ವೈದ್ಯ ಈ ಸಿದ್ಧಾಂತವನ್ನ ಪ್ರಶ್ನಿಸಿ ಬರೆದ. 1922ರಲ್ಲಿ ಡೊನಾಲ್ಡ್‌ಸನ್ ಎಂಬ ಇನ್ನೊಬ್ಬ ವೈದ್ಯ ಆರೋಗ್ಯವಂತರ ಗುದದ್ವಾರದೊಳಗೆ ಹತ್ತಿ ತುಂಬಿ ನೋಡಿದ. ಮಲಬದ್ಧತೆಯಲ್ಲಿ ಬರುವ ಅದೇ ತಲೆಭಾರ, ಅದೇ ಜಡತ್ವ! ಹತ್ತಿಯಲ್ಲಿ ವಿಷ ಇದೆಯಾ? ಇಲ್ಲ. ಅಂದ್ರೆ ತೊಂದರೆ ಒತ್ತಡದ್ದು, ವಿಷದ್ದಲ್ಲ. ಅಲ್ಲಿ ಸತ್ತ ಸಿದ್ಧಾಂತ ಈಗ ನಮ್ಮ ಮೊಬೈಲಿನಲ್ಲಿ ಎದ್ದು ಓಡಾಡ್ತಿದೆ.

‘ಹಾಗಾದ್ರೆ ನಮ್ಮ ಅಜ್ಜಿ ಔಡಲ ಎಣ್ಣೆ ಕುಡಿಸ್ತಿದ್ದಳಲ್ಲ, ಆಯುರ್ವೇದದಲ್ಲಿ ವಿರೇಚನ ಇದೆಯಲ್ಲ’ ಅಂತ ಕೇಳ್ತೀರಿ. ಒಳ್ಳೇ ಪ್ರಶ್ನೆ. ಔಡಲ ಎಣ್ಣೆ ಭೇದಿ ಮಾಡಿಸುತ್ತೆ, ನಿಜ. ಅಜ್ಜಿ ಕೊಟ್ಟಿದ್ದು ಎಂದೋ ಒಮ್ಮೆ. ಅದನ್ನ ದಿನಗಟ್ಟಲೆ ಕುಡೀರಿ ಅಂತ ಯಾವ ಅಜ್ಜಿಯೂ ಹೇಳಿಲ್ಲ. ಇನ್ನು ವಿರೇಚನಕ್ಕೆ ಮೊದಲು ವೈದ್ಯರು ತುಪ್ಪ ಕುಡಿಸ್ತಾರೆ, ಬೆವರು ಬರಿಸ್ತಾರೆ. ಆಮೇಲೆ ಗಂಜಿಯಿಂದ ಶುರು ಮಾಡಿ ಹಂತಹಂತವಾಗಿ ಊಟಕ್ಕೆ ತರ್ತಾರೆ. ಗರ್ಭಿಣಿಗೆ, ಮಕ್ಕಳಿಗೆ, ನಿಶ್ಶಕ್ತರಿಗೆ ಬೇಡ ಅನ್ನೋದೂ ಆ ಶಾಸ್ತ್ರದಲ್ಲೇ ಇದೆ. ಯೋಗದ ಶಂಖಪ್ರಕ್ಷಾಲನಕ್ಕೂ ಗುರು ಎದುರಿಗಿರಬೇಕು. ಕೊರಿಯರ್‌ನಲ್ಲಿ ಬಂದ ಪೊಟ್ಟಣಕ್ಕೆ ನಿಮ್ಮ ಬಿಪಿ ಎಷ್ಟು, ಶುಗರ್ ಎಷ್ಟು ಅಂತ ಗೊತ್ತಾ?

ಇದು ತಮಾಷೆಯ ಮಾತಲ್ಲ. ಶುಗರ್ ಮಾತ್ರೆ ನುಂಗಿ ಊಟ ಬಿಟ್ರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯ ಜೊತೆ ಭೇದಿಯೂ ಸೇರಿದ್ರೆ ಕಿಡ್ನಿಗೆ ಪೆಟ್ಟು. ಫಿಟ್ಸ್ ಮಾತ್ರೆ ರಕ್ತ ಸೇರುವ ಮೊದಲೇ ಹೊರಗೆ ಹೋಗಬಹುದು. ಪೈಪ್ ಹಾಕಿ ಕರುಳು ತೊಳೆಸುವುದು ಇನ್ನೂ ಅಪಾಯ. ಅಮೆರಿಕದ ಕೊಲರಾಡೊದಲ್ಲಿ 1978ರಿಂದ 1980ರ ನಡುವೆ ಒಂದೇ ಕ್ಲಿನಿಕ್ಕಿನಲ್ಲಿ ಹೀಗೆ ತೊಳೆಸಿಕೊಂಡವರಲ್ಲಿ ಕನಿಷ್ಠ 36 ಮಂದಿಗೆ ಅಮೀಬಾ ಸೋಂಕು ತಗುಲಿತು. ಆರು ಜನ ಸತ್ತರು.

ಎಲ್ಲಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಮಲದಲ್ಲಿ ರಕ್ತ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯೋದು, ವಾರಗಟ್ಟಲೆ ಮಲವಿಸರ್ಜನೆಯ ರೀತಿ ಬದಲಾಗಿರೋದು. ಇವು ಕರುಳಿನ ಕ್ಯಾನ್ಸರ್ ಲಕ್ಷಣವೂ ಆಗಿರಬಹುದು. ‘ಹೊಟ್ಟೆ ಕ್ಲೀನ್ ಮಾಡ್ಕೊಂಡ್ರೆ ಹೋಗುತ್ತೆ’ ಅಂತ ತಿಂಗಳುಗಟ್ಟಲೆ ದೂಡಿದ್ರೆ, ಗುಣವಾಗುವ ಕಾಯಿಲೆ ಗುಣವಾಗದ ಹಂತಕ್ಕೆ ಹೋಗುತ್ತೆ. ನಾಚಿಕೆ ಬೇಡ. ಹತ್ತಿರದ ಸರ್ಕಾರಿ ವೈದ್ಯರಿಗೆ ತೋರಿಸಿ, ಅಗತ್ಯ ಬಿದ್ರೆ ಗದಗಿನ ಜಿಮ್ಸ್‌ಗೋ ಹುಬ್ಬಳ್ಳಿಯ ಕೆಎಂಸಿಆರ್‌ಐಗೋ (ಹಿಂದಿನ ಕಿಮ್ಸ್) ಹೋಗಿ.

ಈಗಾಗಲೇ ಪುಡಿ ಕುಡಿದು ಸುಸ್ತಾಗಿದೆಯಾ? ನಿಲ್ಲಿಸಿ. ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಕಲಸಿ ಸ್ವಲ್ಪಸ್ವಲ್ಪವೇ ಕುಡೀರಿ. ಓಆರ್‌ಎಸ್ ಪಾಕೀಟು ಸಿಕ್ಕರೆ ಇನ್ನೂ ಒಳ್ಳೇದು. ತಲೆಸುತ್ತು ನಿಲ್ಲದಿದ್ರೆ, ಮೂತ್ರ ಕಡಿಮೆ ಆದ್ರೆ ಆಸ್ಪತ್ರೆಗೆ ಹೋಗಿ.

ಹಾಗಾದ್ರೆ ಕರುಳಿಗೆ ಒಳ್ಳೇದು ಯಾವುದು? ವಿಶ್ವ ಆರೋಗ್ಯ ಸಂಸ್ಥೆ ಹೇಳೋದು, ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು. 100 ಗ್ರಾಂ ಜೋಳದಲ್ಲೇ ಸುಮಾರು 10 ಗ್ರಾಂ ನಾರಿದೆ. ಬಿಳಿ ಅಕ್ಕಿಯಲ್ಲಿ ಅದರ ಮೂರನೇ ಒಂದು ಭಾಗವೂ ಇಲ್ಲ. ರೋಣ, ಗಜೇಂದ್ರಗಡದ ತಾಟು ನೆನಪಿಸಿಕೊಳ್ಳಿ. ಜೋಳದ ರೊಟ್ಟಿ, ಹೆಸರುಕಾಳು ಪಲ್ಯೆ, ಹಸಿ ಹಕ್ಕರಕಿ, ಸವತೀಕಾಯಿ, ಅಗಸಿ ಚಟ್ನಿ, ಮಜ್ಜಿಗೆ. ಜೊತೆಗೆ ಸಾಕಷ್ಟು ನೀರು, ಒಂದಿಷ್ಟು ನಡಿಗೆ. ಮಲಬದ್ಧತೆಗೆ ಇಷ್ಟು ದೊಡ್ಡ ಔಷಧ ತಾಟಿನಲ್ಲೇ ಇರುವಾಗ ರೊಟ್ಟಿ ಬಿಟ್ಟು ಪುಡಿ ತರಿಸೋದು ಯಾವ ಲೆಕ್ಕ?

ನಮ್ಮ ಹಳ್ಳಿಗಳಲ್ಲಿ ಭೇದಿ ಅಂದ್ರೆ ಮಕ್ಕಳನ್ನ ಕಿತ್ತುಕೊಂಡು ಹೋಗುವ ರೋಗವಾಗಿತ್ತು. ಅದನ್ನ ತಡೆಯೋಕೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ಓಆರ್‌ಎಸ್ ಹಿಡಿದು ಹೋಗ್ತಾರೆ. ಅದೇ ಭೇದಿಯನ್ನ ನಾವು ದುಡ್ಡು ಕೊಟ್ಟು ಮನೆಗೆ ತರಿಸ್ಕೊಳ್ಳೋದಾ? ಯೋಚನೆ ಮಾಡಿ.