ಕಾಯುವುದಕ್ಕೂ ಬೆಲೆಯಿದೆ: ಇಸ್ಪೀಟೆಲೆ ಕಲಿಸುವ ಗಣಿತ

ದೀಪಾವಳಿ ಹತ್ತಿರ ಬಂತೆಂದರೆ ಕೊಪ್ಪಳ ಜಿಲ್ಲೆಯ ಹಳ್ಳಿಕಟ್ಟೆಗಳ ಮೇಲೆ ಇಸ್ಪೀಟೆಲೆಗಳು ಹೊರಬೀಳುತ್ತವೆ. ಹಿಂದೆಯೇ ಪೊಲೀಸರ ದಾಳಿ, ಠಾಣೆ, ದಂಡ. ಇಂಥ ಕಡೆ ನಡೆಯುವುದು ಹೆಚ್ಚಾಗಿ ಅಂದರ್–ಬಾಹರ್. ಎಲೆ ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂದು ಕಣ್ಣರಳಿಸಿ ನೋಡುವುದಷ್ಟೇ ಆಟಗಾರನ ಪಾಲಿನ ಕೆಲಸ. ಬುದ್ಧಿಗೆ ಅಲ್ಲಿ ಎಡೆಯಿಲ್ಲ.

ಅದೇ 52 ಎಲೆಗಳಿಂದ ಆಡುವ ಇನ್ನೊಂದು ಆಟ ಮಾತ್ರ ಗಣಿತಜ್ಞರನ್ನೇ ಸೆಳೆದಿದೆ. ಅದು ಪೋಕರ್. ಆಟಗಳ ಗಣಿತಕ್ಕೆ ಬುನಾದಿ ಹಾಕಿದ ವಾನ್ ನ್ಯೂಮನ್ ಮತ್ತು ಮಾರ್ಗೆನ್‌ಸ್ಟರ್ನ್ ತಮ್ಮ 1944ರ ಗ್ರಂಥದಲ್ಲಿ ಪೋಕರ್ ಬಗ್ಗೆಯೇ ಬರೆದರು. 1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಜಾನ್ ನ್ಯಾಶ್, 1950ರ ತಮ್ಮ ಪುಟ್ಟ ಪ್ರಬಂಧದಲ್ಲಿ ಮೂವರು ಆಡುವ ಸರಳ ಪೋಕರನ್ನು ಉದಾಹರಣೆಯಾಗಿ ಕೊಟ್ಟರು. ಈ ಆಟದ ಒಂದೇ ಒಂದು ಸಂದರ್ಭವನ್ನು ಬಿಡಿಸಿ ನೋಡಿದರೆ ಸಾಕು, ಸಂಭವನೀಯತೆಯ ಪಾಠಕ್ಕೆ ಜೀವ ಬರುತ್ತದೆ. ಕೈಯಲ್ಲಿ ಚಿಪ್ಪುಗಳು ತೀರಾ ಕಡಿಮೆ ಉಳಿದಾಗ ಏನು ಮಾಡಬೇಕು ಎಂಬುದೇ ಆ ಸಂದರ್ಭ.

ಆಟ ಹೀಗಿದೆ

ಹೋಲ್ಡೆಮ್ ಎಂಬ ಪೋಕರ್ ಬಗೆಯಲ್ಲಿ ಪ್ರತಿಯೊಬ್ಬನಿಗೂ ಎರಡು ಎಲೆ ಮುಚ್ಚಿ ಹಂಚುತ್ತಾರೆ. ಆಮೇಲೆ ಎಲ್ಲರಿಗೂ ಸೇರಿದಂತೆ ಐದು ಎಲೆಗಳನ್ನು ನಡುವೆ ತೆರೆದಿಡುತ್ತಾರೆ. ಏಳರಲ್ಲಿ ಉತ್ತಮವಾದ ಐದನ್ನು ಹೊಂದಿಸಿದವನು ಗೆದ್ದ. ‘ನೋ ಲಿಮಿಟ್’ ಎಂದರೆ ಯಾವ ಹಂತದಲ್ಲಿ ಬೇಕಾದರೂ ತನ್ನಲ್ಲಿರುವ ಅಷ್ಟನ್ನೂ ಒಡ್ಡಬಹುದು. ಇದಕ್ಕೆ ‘ಆಲ್ ಇನ್’ ಎಂದು ಹೆಸರು.

ಟೂರ್ನಿಯಲ್ಲಿ ಎಲ್ಲರಿಗೂ ಆರಂಭಕ್ಕೆ ಸಮಾನ ಚಿಪ್ಪು. ಅವು ತೀರಿದರೆ ಆಟ ಮುಗಿಯಿತು. ಸುಮ್ಮನೆ ಕುಳಿತು ಒಳ್ಳೆಯ ಎಲೆಗಾಗಿ ಕಾಯೋಣವೆಂದರೆ ಅದಕ್ಕೂ ಬಿಡುವಿಲ್ಲ. ಪ್ರತಿ ಆಟಕ್ಕೆ ಇಬ್ಬರು ಸರದಿಯಂತೆ ಎಲೆ ನೋಡುವ ಮೊದಲೇ ಪಣ ಕಟ್ಟಬೇಕು. ಇವೇ ಸಣ್ಣ ಬ್ಲೈಂಡ್, ದೊಡ್ಡ ಬ್ಲೈಂಡ್. ಗಡಿಯಾರದ ಲೆಕ್ಕದಲ್ಲಿ ಈ ಮೊತ್ತ ಏರುತ್ತಲೇ ಹೋಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಮೇಜಿನ ಸುತ್ತ ಒಂಬತ್ತು ಜನ. ಬ್ಲೈಂಡುಗಳು 500 ಮತ್ತು 1,000. ಒಬ್ಬನ ಬಳಿ ಉಳಿದಿರುವುದು 9,000 ಚಿಪ್ಪು. ಒಂದು ಸುತ್ತಿಗೆ ಅವನು ತೆರಬೇಕಾದದ್ದು 1,500. ಅಂದರೆ ಏನೂ ಆಡದೆ ಕುಳಿತರೂ ಆರು ಸುತ್ತಿಗೆ, 54 ಆಟಕ್ಕೆ, ಅವನ ಗಂಟು ಖಾಲಿ. ಉಳಿದ ಚಿಪ್ಪನ್ನು ಸುತ್ತಿನ ಖರ್ಚಿನಿಂದ ಭಾಗಿಸುವ ಈ ಲೆಕ್ಕವನ್ನು ರೂಪಿಸಿದವರು ಪಾಲ್ ಮ್ಯಾಗ್ರಿಯಲ್ ಎಂಬ ಗಣಿತದ ಅಧ್ಯಾಪಕ. 1995ರ ವಿಶ್ವ ಪೋಕರ್ ಸರಣಿಯ ಮುಖ್ಯ ಸ್ಪರ್ಧೆ ಗೆದ್ದ ಡಾನ್ ಹ್ಯಾರಿಂಗ್ಟನ್ ಅದನ್ನು ತಮ್ಮ ಪುಸ್ತಕದ ಮೂಲಕ ಜನಪ್ರಿಯಗೊಳಿಸಿದರು.

ಎಕ್ಕದ ಜೋಡಿ ಬರುತ್ತದೆಯೇ?

52 ಎಲೆಗಳಿಂದ ಎರಡನ್ನು ಆರಿಸುವ ಬಗೆ 1,326. ಅವುಗಳಲ್ಲಿ ಎಕ್ಕದ ಜೋಡಿ ಆರು ಮಾತ್ರ. ಅಂದರೆ 221ಕ್ಕೆ ಒಂದು. ಮೇಲಿನ ಆಟಗಾರನಿಗೆ ಉಳಿದ 54 ಆಟಗಳಲ್ಲಿ ಅದು ಒಮ್ಮೆಯೂ ಬಾರದಿರುವ ಸಾಧ್ಯತೆ ನೂರಕ್ಕೆ 78. ಅದಕ್ಕೇ ಕಾಯುತ್ತೇನೆ ಎನ್ನುವವನು ಕಾದು ಕಾದು ಬರಿಗೈ ಆಗುತ್ತಾನೆ.

ಹಾಗಾದರೆ ಸಾಧಾರಣ ಎಲೆಗೇ ಎಲ್ಲವನ್ನೂ ಒಡ್ಡಬೇಕೇ? ಲೆಕ್ಕ ಹಾಕಿಯೇ ನೋಡಬಹುದು. ಮುಂದಿನವರೆಲ್ಲ ಎಲೆ ಮಡಚಿದ್ದಾರೆ. ಉಳಿದವರು ಬ್ಲೈಂಡ್ ಕಟ್ಟಿದ ಇಬ್ಬರೇ. ನಡುವೆ 1,500 ಬಿದ್ದಿದೆ. ನಮ್ಮ ಆಟಗಾರ 9,000ವನ್ನೂ ಮುಂದೆ ತಳ್ಳುತ್ತಾನೆ. ಇಂಥ ಹತ್ತು ಸಂದರ್ಭಗಳಲ್ಲಿ ಏಳು ಸಲ ಆ ಇಬ್ಬರೂ ಹಿಂದೆ ಸರಿದರೆ ಅವನಿಗೆ 10,500 ಲಾಭ. ಮೂರು ಸಲ ದೊಡ್ಡ ಬ್ಲೈಂಡಿನವನು ಸವಾಲು ಸ್ವೀಕರಿಸಿದ ಎನ್ನೋಣ. ಆಗ ನಮ್ಮವನು ಗೆಲ್ಲುವ ಸಾಧ್ಯತೆ ನೂರಕ್ಕೆ 35 ಮಾತ್ರ ಇರಲಿ. ಗೆದ್ದರೆ 9,500 ಬರುತ್ತದೆ, ಸೋತರೆ 9,000 ಹೋಗುತ್ತದೆ. ಸರಾಸರಿ ನಷ್ಟ 2,525, ಮೂರು ಸಲಕ್ಕೆ 7,575. ಒಟ್ಟು ಹತ್ತು ಸಲಕ್ಕೆ 2,925 ಚಿಪ್ಪು ಉಳಿಯಿತು!

ಸವಾಲು ಎದುರಾದಾಗ ಸೋಲೇ ಹೆಚ್ಚು, ಆದರೂ ಒಟ್ಟಿನಲ್ಲಿ ಲಾಭ. ಗುಟ್ಟು ಇರುವುದು ಎದುರಾಳಿ ಕೈಬಿಡುವುದರಲ್ಲಿ. ಅದೇ ಹತ್ತರಲ್ಲಿ ಐದು ಸಲ ಮಾತ್ರ ಅವರು ಹಿಂದೆ ಸರಿದರೆ ಇದೇ ಲೆಕ್ಕ 5,125 ಚಿಪ್ಪು ನಷ್ಟಕ್ಕೆ ತಿರುಗುತ್ತದೆ. ಆದ್ದರಿಂದಲೇ ಕುಳಿತ ಜಾಗ ಮುಖ್ಯ. ಮುಂದೆ ಇಬ್ಬರೇ ಇದ್ದರೆ ಅವರಲ್ಲಿ ಯಾರಿಗಾದರೂ ಜೋಡಿ ಬಿದ್ದಿರುವ ಸಾಧ್ಯತೆ ನೂರಕ್ಕೆ ಸುಮಾರು 11. ಎಂಟು ಜನ ಇದ್ದರೆ ಸುಮಾರು 38. ಚಿಪ್ಪು ತೀರಾ ಕರಗಿ ಒಂದೆರಡು ಸಾವಿರಕ್ಕೆ ಇಳಿದ ಮೇಲೆ ತಳ್ಳಿದರೆ ಯಾರೂ ಹೆದರುವುದಿಲ್ಲ. ಹೆದರಿಸುವ ಶಕ್ತಿ ಇರುವಾಗಲೇ ನಿರ್ಧರಿಸಬೇಕು.

ಹೊಲದಲ್ಲಿ, ಅಣೆಕಟ್ಟೆಯಲ್ಲಿ

ಕುಷ್ಟಗಿ, ಯಲಬುರ್ಗಾ ಕಡೆಯ ಮಳೆಯಾಶ್ರಿತ ರೈತನಿಗೆ ಇದು ಹೊಸ ವಿಷಯವಲ್ಲ. ಮುಂಗಾರು ಒಂದು ಹದಮಳೆ ಸುರಿಸಿ ಹೋಯಿತು ಎನ್ನಿ. ಇವತ್ತೇ ಕೂರಿಗೆ ಹೂಡಬೇಕೋ, ಇನ್ನೊಂದು ಮಳೆಗೆ ಕಾಯಬೇಕೋ? ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಬೀಜ, ಗೊಬ್ಬರ ಮಣ್ಣುಪಾಲು. ಕಾದರೆ ದಿನದಿನಕ್ಕೂ ನೆಲದ ಹಸಿ ಆರುತ್ತದೆ, ಹಂಗಾಮು ಜಾರುತ್ತದೆ. ಹಸಿ ಆರುವುದೇ ಅವನ ಪಾಲಿನ ಬ್ಲೈಂಡ್.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋದಾಗ ಗಂಗಾವತಿಯ ಭತ್ತದ ರೈತರು ಕಂಗಾಲಾದರು. ನೀರು ಕೆಳಗಿಳಿಯುವವರೆಗೆ ಕಾದು ದುರಸ್ತಿ ಮಾಡುವುದು ಒಂದು ದಾರಿ. ಆದರೆ ಕಾದಷ್ಟೂ ಬೆಳೆಯ ನೀರು ನದಿಪಾಲು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ತಡೆಗೇಟಿನ ತುಂಡುಗಳನ್ನು ಇಳಿಸುವ ಸಾಹಸ ನಡೆಯಿತು. ಒಂದು ವಾರದೊಳಗೆ ಹರಿವು ನಿಂತಿತು. ಮುಂದಿನ ಮಳೆಗೆ ಜಲಾಶಯ ಮತ್ತೆ ತುಂಬಿತು.

ಫೀಸಿನ ದುಡ್ಡು ಚಿಪ್ಪಲ್ಲ

ಇಲ್ಲಿಯೇ ಪೋಷಕರೂ ಮಕ್ಕಳೂ ಗಮನಿಸಬೇಕಾದ ಮಾತೊಂದಿದೆ. ಟೂರ್ನಿಯಲ್ಲಿ ಎಲ್ಲವನ್ನೂ ಒಡ್ಡುವುದು ಸರಿಯಾಗುವುದು ಎರಡು ಕಾರಣಕ್ಕೆ. ಕಾಯುವಿಕೆ ಅಲ್ಲಿ ಗಂಟನ್ನು ತಿನ್ನುತ್ತದೆ. ಸೋತರೆ ಹೋಗುವುದೂ ಪ್ರವೇಶ ಕಟ್ಟುವಾಗಲೇ ಕೈಬಿಟ್ಟ ಮೊತ್ತವಷ್ಟೇ. ಕಾಲೇಜಿನ ಫೀಸು, ಅಪ್ಪ ತಂದ ಬೆಳೆಸಾಲ ಹಾಗಲ್ಲ. ಪೆಟ್ಟಿಗೆಯಲ್ಲಿದ್ದರೆ ಅದನ್ನು ಯಾವ ಬ್ಲೈಂಡೂ ತಿನ್ನುವುದಿಲ್ಲ, ಹೋದರೆ ಇನ್ನೊಂದು ಟೂರ್ನಿಯೂ ಇಲ್ಲ. ಮೇಜಿನ ಮೇಲೆ ‘ತಳ್ಳು’ ಎನ್ನುವ ಗಣಿತವೇ ಮನೆಯಲ್ಲಿ ‘ಮುಟ್ಟಬೇಡ’ ಎನ್ನುತ್ತದೆ. ನೂರಕ್ಕೆ 35ರ ಅವಕಾಶವೆಂದರೆ ನೂರರಲ್ಲಿ 65 ಸಲ ಸೋಲು ಎಂಬುದನ್ನೂ ಮರೆಯಬಾರದು.

ಕಾನೂನು ಕೂಡ ಈಗ ಸ್ಪಷ್ಟವಾಗಿದೆ. ಹಣ ಕಟ್ಟುವ ಆನ್‌ಲೈನ್ ಆಟಗಳ ವಿರುದ್ಧ ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತ್ತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ, ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ ಅಂಥ ಆಟಗಳನ್ನು ನಿಷೇಧಿಸಿತು.

ಗಣಿತ ಕಲಿಯಲು ದುಡ್ಡು ಬೇಕಿಲ್ಲ. ಒಂದು ಕಟ್ಟು ಇಸ್ಪೀಟೆಲೆ, ಒಂದು ಬೊಗಸೆ ಹುಣಸೆಬೀಜ ಸಾಕು. ಕಟ್ಟನ್ನು ಕಲಸಿ ನೂರು ಸಲ ಎರಡೆರಡು ಎಲೆ ತೆಗೆದು ಎಷ್ಟು ಸಲ ಜೋಡಿ ಬಂತೆಂದು ಬರೆದಿಡಿ. ಲೆಕ್ಕದ ಪ್ರಕಾರ 17ಕ್ಕೆ ಒಂದು, ನೂರಕ್ಕೆ ಆರರ ಆಸುಪಾಸು ಬರಬೇಕು. ನಾಲ್ಕೇ ಬಂತು, ಒಂಬತ್ತು ಬಂತು ಎಂದರೆ ಗಾಬರಿ ಬೇಡ. ಇನ್ನೂ ನೂರು ಸಲ ತೆಗೆಯಿರಿ. ಒಂದು ಸಲದ ಫಲ ನೋಡಿ ನಿರ್ಧಾರ ಸರಿಯೋ ತಪ್ಪೋ ಎನ್ನಬಾರದು ಎಂಬುದು ಆಗ ತಾನಾಗಿ ಮನದಟ್ಟಾಗುತ್ತದೆ. ಪರೀಕ್ಷೆಯ ಅಂಕ ನೋಡುವ ತಂದೆತಾಯಿಗೂ ಈ ಪಾಠ ಬೇಕಾದದ್ದೇ.