ಬ್ಯಾಟರಿ ಸ್ಕೂಟರಿಗೆ ಸಾಲ ಕೊಡುವ ಮುಂಚೆ



ಬನಶಂಕರಿಯಲ್ಲಿ ಹೂ ಮಾರುವವರು, ಜೆ.ಪಿ. ನಗರ, ಬಿ.ಟಿ.ಎಂ. ಲೇಔಟ್‌ನಲ್ಲಿ ಊಟದ ಡಬ್ಬಿ ತಲುಪಿಸುವವರು ಈಗ ಬ್ಯಾಟರಿ ಸ್ಕೂಟರಿಗೆ ಸಾಲ ಕೇಳುತ್ತಿದ್ದಾರೆ. ಪೆಟ್ರೋಲ್ ಖರ್ಚಿಲ್ಲ, ಹೊಗೆಯಿಲ್ಲ, ಒಳ್ಳೆಯದೇ. ಬೆಂಗಳೂರಿಗೆ ಇದು ಹೊಸದೂ ಅಲ್ಲ. ಬ್ಯಾಟರಿ ಕಾರು ‘ರೇವಾ’ 2001ರಲ್ಲೇ ಇಲ್ಲಿ ತಯಾರಾಗಿ ರಸ್ತೆಗಿಳಿಯಿತು. ಆದರೆ ಸಾಲ ಕೊಡುವಾಗ ಬೆಲೆ, ಕಂತು ನೋಡಿದರೆ ಸಾಲದು. ಬ್ಯಾಟರಿಯನ್ನೂ ನೋಡಬೇಕು.

ಯಾಕೆ? 2022ರ ಮಾರ್ಚ್‌ನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಚಾರ್ಜಿಗೆ ಹಾಕಿದ್ದ ಸ್ಕೂಟರಿಗೆ ಬೆಂಕಿ ಹತ್ತಿ, ತಂದೆ ಮತ್ತು ಮಗಳು ಹೊಗೆಯಲ್ಲಿ ಉಸಿರುಗಟ್ಟಿ ಸತ್ತರು. 2024ರ ನವೆಂಬರ್ 19ರಂದು ನಮ್ಮ ಊರಿನ ರಾಜ್‌ಕುಮಾರ್ ರಸ್ತೆಯ ಬ್ಯಾಟರಿ ಸ್ಕೂಟರ್ ಮಳಿಗೆಯೊಂದಕ್ಕೆ ಬೆಂಕಿ ಬಿದ್ದು, ಅಲ್ಲಿ ಕೆಲಸಕ್ಕಿದ್ದ ಯುವತಿ ತೀರಿಕೊಂಡಳು. ಲಿಥಿಯಂ ಬ್ಯಾಟರಿ ಅಂದರೆ ಹತ್ತಾರು, ನೂರಾರು ಸಣ್ಣ ಸೆಲ್‌ಗಳ ಕಟ್ಟು. ಒಂದು ಸೆಲ್ ಕೆಟ್ಟು ಅತಿಯಾಗಿ ಬಿಸಿಯಾದರೆ ಪಕ್ಕದ್ದಕ್ಕೂ ಅದು ಹರಡಬಹುದು. ಅದರ ಹೊಗೆ ವಿಷ.

ಕಾನೂನು ಏನು ಹೇಳುತ್ತದೆ?

2022ರ ಬೆಂಕಿ ಪ್ರಕರಣಗಳ ನಂತರ ಕೇಂದ್ರ ಸರ್ಕಾರ ‘ಎಐಎಸ್-156’ ಎಂಬ ಸುರಕ್ಷತಾ ನಿಯಮವನ್ನು ಬಿಗಿ ಮಾಡಿತು. ನೋಂದಣಿಯಾಗುವ ಸ್ಕೂಟರ್, ಆಟೋಗಳ ಬ್ಯಾಟರಿಯನ್ನು ನೀರು, ಅಲುಗಾಟ, ಶಾರ್ಟ್ ಸರ್ಕ್ಯೂಟ್, ಅತಿ ಚಾರ್ಜ್ ಇವೆಲ್ಲಕ್ಕೂ ಪರೀಕ್ಷಿಸಬೇಕು. ಇದು 2022ರ ಡಿಸೆಂಬರ್ 1ರಿಂದ ಮೊದಲ ಹಂತ, 2023ರ ಮಾರ್ಚ್ 31ರಿಂದ ಎರಡನೇ ಹಂತವಾಗಿ ಜಾರಿಗೆ ಬಂತು. ಹಾಗಾಗಿ ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಆರ್.ಸಿ.ಯಲ್ಲಿ ತಯಾರಾದ ತಿಂಗಳು, ವರ್ಷ ನೋಡಿ.

‘ಲೈಸೆನ್ಸ್ ಬೇಡ, ನಂಬರ್ ಬೇಡ’ ಅಂತ ಮಾರುವ ಗಾಡಿಗಳೂ ಇವೆ. ಮೋಟಾರು ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಒಳಗೆ ಇದ್ದರೆ ಮಾತ್ರ ಈ ವಿನಾಯಿತಿ. ಅದಕ್ಕೂ ಸರ್ಕಾರ ಒಪ್ಪಿದ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಬೇಕೇ ಬೇಕು. ‘ಸ್ಪೀಡ್ ಜಾಸ್ತಿ ಮಾಡಿಕೊಡ್ತೀವಿ’ ಅಂದರೆ ಒಪ್ಪಬೇಡಿ. ವೇಗ ಹೆಚ್ಚಿಸಿದ ಕೂಡಲೇ ಅದು ನೋಂದಣಿಯಿಲ್ಲದ ಮೋಟಾರು ವಾಹನ. ಅಪಘಾತವಾದರೆ ವಿಮೆ ಇಲ್ಲ, ಸಾಲ ಮಾತ್ರ ಉಳಿಯುತ್ತದೆ.

ಸಾಲದ ಸಭೆಯಲ್ಲಿ ಕೇಳಿ:

1. ಗಾಡಿಗೆ ಹಸಿರು ನಂಬರ್ ಪ್ಲೇಟ್ ಬರುತ್ತದೆಯೇ? ಸ್ವಂತದ್ದಾದರೆ ಬಿಳಿ ಅಕ್ಷರ, ಬಾಡಿಗೆಗೆ ಓಡಿಸುವುದಾದರೆ ಹಳದಿ ಅಕ್ಷರ.
2. ನಂಬರ್ ಬೇಡದ ಗಾಡಿಯಾದರೆ, ಪರೀಕ್ಷಾ ಪ್ರಮಾಣಪತ್ರದ ಪ್ರತಿ ಎಲ್ಲಿ?
3. ಬ್ಯಾಟರಿ, ಚಾರ್ಜರ್ ಎರಡೂ ಅದೇ ಕಂಪನಿಯದೇ? ವಾರಂಟಿ ಬರವಣಿಗೆಯಲ್ಲಿದೆಯೇ?
4. ಮನೆಯಲ್ಲಿ ಚಾರ್ಜ್ ಮಾಡುವ ಜಾಗ ಯಾವುದು?

ನಾಲ್ಕನೆಯದು ತುಂಬಾ ಮುಖ್ಯ. ನಮ್ಮಲ್ಲಿ ಅನೇಕರದ್ದು ಒಂದೇ ಬಾಗಿಲಿನ ಬಾಡಿಗೆ ಮನೆ. ಆ ಬಾಗಿಲಲ್ಲೇ, ಇಲ್ಲವೇ ಮೆಟ್ಟಿಲ ಕೆಳಗೆ ಗಾಡಿ ಚಾರ್ಜಿಗೆ ಹಾಕಿದರೆ, ಬೆಂಕಿ ಬಿದ್ದಾಗ ಮಕ್ಕಳು ಹೊರಗೆ ಬರುವ ದಾರಿಯೇ ಮುಚ್ಚಿಹೋಗುತ್ತದೆ. ಗಾಳಿಯಾಡುವ, ದಾರಿಗೆ ಅಡ್ಡವಾಗದ ಜಾಗ ಇರಲಿ. ಮಾಲೀಕರ ಹತ್ತಿರ ಮೊದಲೇ ಮಾತಾಡಿ, ಅರ್ತಿಂಗ್ ಇರುವ ಸಾಕೆಟ್ ಹಾಕಿಸಿಕೊಳ್ಳಿ.

ದಿನನಿತ್ಯ ನೆನಪಿಡಿ:

* ಓಡಿಸಿ ಬಂದ ತಕ್ಷಣ ಚಾರ್ಜ್ ಬೇಡ, ಬ್ಯಾಟರಿ ತಣ್ಣಗಾಗಲಿ.
* ಎಲ್ಲರೂ ಮಲಗಿದ ಮೇಲೆ ಚಾರ್ಜ್ ಬೇಡ. ಹಾಸಿಗೆ, ಗ್ಯಾಸ್ ಸಿಲಿಂಡರ್ ಪಕ್ಕದಲ್ಲಂತೂ ಬೇಡವೇ ಬೇಡ.
* ಬೇರೆ ಚಾರ್ಜರ್, ತೆಳು ಎಕ್ಸ್‌ಟೆನ್ಷನ್ ವೈರ್ ಬಳಸಬೇಡಿ.
* ಬ್ಯಾಟರಿ ಉಬ್ಬಿದರೆ, ಬಿದ್ದರೆ, ಮಳೆನೀರಲ್ಲಿ ಮುಳುಗಿದರೆ ಚಾರ್ಜ್ ಮಾಡದೆ ಕಂಪನಿಯ ಸರ್ವಿಸ್‌ಗೆ ತೋರಿಸಿ. ಬೀದಿ ಮೆಕ್ಯಾನಿಕ್ ಬಿಚ್ಚುವುದು ಬೇಡ.
* ಹೊಗೆ ಕಂಡರೆ ಗಾಡಿ ಉಳಿಸಲು ಹೋಗಬೇಡಿ. ಎಲ್ಲರೂ ಹೊರಗೆ ಬನ್ನಿ, 112ಕ್ಕೆ ಫೋನ್ ಮಾಡಿ. ಕರೆಂಟಿನ ತೊಂದರೆಗೆ ಬೆಸ್ಕಾಂ ಸಹಾಯವಾಣಿ 1912.

ಸಾವಿರಾರು ರೂಪಾಯಿ ಕಡಿಮೆ ಅಂತ ಪ್ರಮಾಣಪತ್ರವಿಲ್ಲದ ಗಾಡಿಗೆ ಸಂಘದ ಹಣ ಹೋಗದಿರಲಿ. ಈ ನಾಲ್ಕು ಪ್ರಶ್ನೆಗಳನ್ನು ನಿಮ್ಮ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ. ಉತ್ತರ ಸಿಕ್ಕ ಮೇಲೆ ಸಾಲ ಮಂಜೂರು ಮಾಡಿ.