ಗಾಳಿಯ ಬಲ ತೋರಿಸಿದ ಮೇಯರ್

ಪ್ರೌಢಶಾಲೆಯ ವಿಜ್ಞಾನ ಪುಸ್ತಕ ತಿರುವಿದವರಲ್ಲಿ ಹಲವರಿಗೆ ಆ ಚಿತ್ರ ಗೊತ್ತು. ಒಂದಕ್ಕೊಂದು ಜೋಡಿಸಿದ ಎರಡು ಲೋಹದ ಅರ್ಧಗೋಳಗಳು, ಎರಡೂ ಕಡೆಯಿಂದ ಜಗ್ಗುತ್ತಿರುವ ಎಂಟೆಂಟು ಕುದುರೆಗಳು. ಕೆಳಗೆ 'ಮ್ಯಾಗ್ಡೆಬರ್ಗ್ ಅರ್ಧಗೋಳಗಳು' ಎಂಬ ಶೀರ್ಷಿಕೆ. ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ ಈ ಪ್ರಯೋಗ ಮಾಡಿದ ಒಟ್ಟೊ ಫಾನ್ ಗೆರಿಕೆ ವಿಜ್ಞಾನದ ಅಧ್ಯಾಪಕನಲ್ಲ, ಜರ್ಮನಿಯ ಎಲ್ಬ್ ನದಿ ದಂಡೆಯ ಮ್ಯಾಗ್ಡೆಬರ್ಗ್ ಪಟ್ಟಣದ ಮೇಯರ್. ಮೇಯರನಿಗೆ ಗಾಳಿಯ ಗೊಡವೆ ಏಕೆ ಬಂತು?

ಗೆರಿಕೆ ಹುಟ್ಟಿದ್ದು 1602ರಲ್ಲಿ, ಅದೇ ಪಟ್ಟಣದ ಶ್ರೀಮಂತ ಮನೆತನದಲ್ಲಿ. ಓದಿದ್ದು ಕಾನೂನು. ಆಮೇಲೆ ಹಾಲೆಂಡಿನ ಲೈಡನ್‌ನಲ್ಲಿ ಗಣಿತ ಮತ್ತು ಕೋಟೆ ಕಟ್ಟುವ ವಿದ್ಯೆ ಕಲಿತ. 1626ರಲ್ಲಿ ಊರಿನ ಆಡಳಿತ ಮಂಡಳಿ ಸೇರಿದ.

ಆಗ ಯುರೋಪಿನಲ್ಲಿ ಮೂವತ್ತು ವರ್ಷಗಳ ಯುದ್ಧ ನಡೆದಿತ್ತು. 1631ರ ಮೇ ತಿಂಗಳಲ್ಲಿ ಚಕ್ರವರ್ತಿಯ ಸೈನ್ಯ ಮ್ಯಾಗ್ಡೆಬರ್ಗನ್ನು ಹೊಕ್ಕು ಸೂರೆ ಮಾಡಿತು. ಊರಿಗೆ ಊರೇ ಸುಟ್ಟುಹೋಯಿತು. ಸತ್ತವರು ಸುಮಾರು 20,000. ಗೆರಿಕೆಯ ಆಸ್ತಿಯೆಲ್ಲ ಹೋಯಿತು. ಸೆರೆ ಸಿಕ್ಕ ಆತ ಹಣ ತೆತ್ತ ಮೇಲೆ ಬಿಡುಗಡೆಯಾದ. ಬೇರೆ ಊರಿನಲ್ಲಿ ಹಾಯಾಗಿ ನೆಲೆಸಬಹುದಿತ್ತು. ಆದರೆ ಮರುವರ್ಷವೇ ಹಿಂದಿರುಗಿ, ಬೂದಿಯ ನಡುವೆ ನಿಂತು ಊರಿನ ನಕ್ಷೆ ಬರೆದು ಮರುನಿರ್ಮಾಣಕ್ಕೆ ತೊಡಗಿದ. 1646ರಲ್ಲಿ ಮೇಯರ್ ಆದ. ಆ ಊರಿಗೆ ಏಕಕಾಲಕ್ಕೆ ಹಲವು ಮೇಯರ್‌ಗಳಿರುತ್ತಿದ್ದರು. ಅವರಲ್ಲೊಬ್ಬನಾಗಿ ಸುಮಾರು 30 ವರ್ಷ ದುಡಿದ.

ಈ ಓಡಾಟದ ನಡುವೆಯೇ ಒಂದು ಪ್ರಶ್ನೆ ಆತನನ್ನು ಕಾಡುತ್ತಿತ್ತು. ಕೋಪರ್ನಿಕಸ್ ಹೇಳಿದಂತೆ ಗ್ರಹಗಳು ಸೂರ್ಯನನ್ನು ಸುತ್ತುವುದಾದರೆ, ಅವುಗಳ ನಡುವಿನ ಜಾಗದಲ್ಲಿ ಏನಿದೆ? ಏನೂ ಇಲ್ಲದ ಜಾಗ ಇರಲು ಸಾಧ್ಯವೇ? ಇಲ್ಲವೆಂದು ಅರಿಸ್ಟಾಟಲ್ ಹೇಳಿಬಿಟ್ಟಿದ್ದ. ಗೆರಿಕೆ ವಾದಕ್ಕಿಳಿಯದೆ ಬಿಯರ್ ಪೀಪಾಯಿಯೊಂದಕ್ಕೆ ನೀರು ತುಂಬಿ, ಆ ನೀರನ್ನು ಪಂಪಿನಿಂದ ಹೊರಗೆ ಎಳೆಸಿದ. ಮರದ ಸಂದುಗಳಿಂದ ಗಾಳಿ ಸದ್ದು ಮಾಡುತ್ತ ಒಳನುಗ್ಗಿತು. ತಾಮ್ರದ ಗೋಳ ಮಾಡಿಸಿ ಗಾಳಿಯನ್ನೇ ಎಳೆಸಿದಾಗ, ಗೋಳ ದೊಡ್ಡ ಸದ್ದಿನೊಂದಿಗೆ ಮುದ್ದೆಯಾಯಿತು. ತಗಡಿನ ಡಬ್ಬಿಯಲ್ಲಿ ನೀರು ಕುದಿಸಿ, ಮುಚ್ಚಳ ಬಿಗಿದು, ಮೇಲೆ ತಣ್ಣೀರು ಸುರಿದರೆ ಡಬ್ಬಿ ನಜ್ಜುಗುಜ್ಜಾಗುತ್ತದಲ್ಲ, ಅದೂ ಹೀಗೆಯೇ. (ಮಕ್ಕಳೇ, ಅದನ್ನು ಮೇಷ್ಟರಿಲ್ಲದೆ ಮಾಡಬೇಡಿ.) ಇನ್ನೂ ದಪ್ಪ ಗೋಳ ಮಾಡಿಸಿದ ಮೇಲೆ ನಿರ್ವಾತ ನಿಂತಿತು.

1654ರಲ್ಲಿ ಊರಿನ ಕೆಲಸಕ್ಕಾಗಿ ರೇಗನ್ಸ್‌ಬರ್ಗಿನ ಸಾಮ್ರಾಜ್ಯ ಸಭೆಗೆ ಹೋದಾಗ ಚಕ್ರವರ್ತಿ ಮೂರನೇ ಫರ್ಡಿನಾಂಡನ ಮುಂದೆ ಪ್ರಯೋಗಗಳನ್ನು ತೋರಿಸಿದ. ಅಲ್ಲಿದ್ದ ಮೈಂಟ್ಸ್‌ನ ಆರ್ಚ್‌ಬಿಷಪ್ ಆ ಉಪಕರಣವನ್ನು ಕೊಂಡು ಜೆಸ್ವಿಟ್ ಕಾಲೇಜೊಂದಕ್ಕೆ ಕಳುಹಿಸಿದ. ಅಲ್ಲಿನ ಅಧ್ಯಾಪಕ ಕಾಸ್ಪರ್ ಶಾಟ್ 1657ರಲ್ಲಿ ಬರೆದ ಪುಸ್ತಕದಿಂದ ಸುದ್ದಿ ಇಂಗ್ಲೆಂಡಿನ ರಾಬರ್ಟ್ ಬಾಯಲ್‌ಗೆ ಮುಟ್ಟಿತು. ನೀವು ಓದುವ ಬಾಯಲ್ ನಿಯಮದ ಹಿಂದೆ ಈ ಮೇಯರನ ಪಂಪೂ ಇದೆ.

ಕುದುರೆಗಳ ಪ್ರದರ್ಶನ ಮ್ಯಾಗ್ಡೆಬರ್ಗಿನಲ್ಲಿ ನಡೆದದ್ದು 1657ರಲ್ಲಿ. ಗೋಳದ ಅಡ್ಡಳತೆ ಅರ್ಧ ಮೀಟರ್ ಎಂದಿಟ್ಟುಕೊಂಡು ಲೆಕ್ಕ ಹಾಕಿ ನೋಡಿ: ಒಳಗೆ ಪೂರ್ಣ ನಿರ್ವಾತವಿದ್ದರೆ ಹೊರಗಿನ ವಾಯುಭಾರ ಎರಡು ಟನ್ ತೂಕದಷ್ಟು ಬಲದಿಂದ ಒತ್ತುತ್ತದೆ. ನಿಜ ಹೇಳಬೇಕೆಂದರೆ ಹದಿನಾರು ಕುದುರೆಗಳು ಬೇಕಿರಲಿಲ್ಲ. ಒಂದು ಕಡೆಯನ್ನು ದೊಡ್ಡ ಮರಕ್ಕೆ ಕಟ್ಟಿ ಇನ್ನೊಂದು ಕಡೆ ಎಂಟನ್ನು ಹೂಡಿದ್ದರೂ ಎಳೆತ ಅಷ್ಟೇ. ಆದರೆ ಮರವನ್ನು ನೋಡಲು ಜನ ಸೇರುತ್ತಾರೆಯೇ?

ಮೇಯರನಾಗಿ ಮಾತ್ರ ಆತ ಸೋತ. ಮ್ಯಾಗ್ಡೆಬರ್ಗ್ ಯಾವ ದೊರೆಯ ಕೈಕೆಳಗೂ ಇರದ ಸ್ವತಂತ್ರ ನಗರವಾಗಬೇಕೆಂದು ವರ್ಷಗಟ್ಟಲೆ ರಾಜಸಭೆಗಳಿಗೆ ಅಲೆದ. 1666ರಲ್ಲಿ ಪಟ್ಟಣ ಬ್ರಾಂಡೆನ್‌ಬರ್ಗಿನ ದೊರೆಗೆ ತಲೆಬಾಗಬೇಕಾಯಿತು. ಅದೇ ವರ್ಷ ಚಕ್ರವರ್ತಿ ಆತನಿಗೆ 'ಫಾನ್' ಎಂಬ ಕುಲೀನ ಬಿರುದು ಕೊಟ್ಟ. ಊರು ಕೇಳಿದ್ದು ಊರಿಗೆ ಸಿಗಲಿಲ್ಲ.

1681ರಲ್ಲಿ ಪ್ಲೇಗ್ ಹತ್ತಿರ ಬಂದಾಗ ಹ್ಯಾಂಬರ್ಗಿನಲ್ಲಿದ್ದ ಮಗನ ಮನೆಗೆ ಹೋದ ಗೆರಿಕೆ, 1686ರಲ್ಲಿ ಅಲ್ಲಿಯೇ ತೀರಿಕೊಂಡ. ಮ್ಯಾಗ್ಡೆಬರ್ಗಿನ ವಿಶ್ವವಿದ್ಯಾಲಯಕ್ಕೆ ಈಗ ಆತನದೇ ಹೆಸರಿದೆ. ಮೂಲ ಅರ್ಧಗೋಳಗಳು ಮ್ಯೂನಿಕ್‌ನ ವಸ್ತುಸಂಗ್ರಹಾಲಯದಲ್ಲಿವೆ.